ಕೊಂಬೆ ಸವರುವವನ ಲೇಶ್ಯೆ

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಒಂದು ಮರವಿದೆ. ಅದರ ಬಳಿ ಆರು ಮಂದಿ ಮನುಷ್ಯರಿದ್ದಾರೆ. ಷಡ್ಲೇಶ್ಯೆಗಳನ್ನು ತಿಳಿಸುವ ಈ ದೃಷ್ಟಾಂತ ಜೈನ ಮನೆಗಳ ಮಕ್ಕಳಿಗೂ ಪರಿಚಿತವಾದುದು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ಸಂಗ್ರಹವಾಗಿ ನಿರೂಪಿಸಿದ್ದಾರೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಜನ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕಿತ್ತು ಹಣ್ಣು ತಿನ್ನಬೇಕೆಂದು ಭಾವಿಸುತ್ತಾನೆ. ನೀಲಲೇಶ್ಯೆಯವನು ಕಾಂಡವನ್ನು, ಕಾಪೋತಲೇಶ್ಯೆಯವನು ದೊಡ್ಡ ಕೊಂಬೆಯನ್ನು, ಪೀತಲೇಶ್ಯೆಯವನು ಸಣ್ಣ ರೆಂಬೆಯನ್ನು ಕಡಿಯಬೇಕೆಂದು ಬಗೆಯುತ್ತಾರೆ. ಪದ್ಮಲೇಶ್ಯೆಯವನಿಗೆ ಹಣ್ಣನ್ನಷ್ಟೇ ಬಿಡಿಸಿಕೊಂಡರೆ ಸಾಕು. ಶುಕ್ಲಲೇಶ್ಯೆಯವನು ತಾನಾಗಿ ಉದುರಿದ ಹಣ್ಣಿನಿಂದ ತೃಪ್ತನಾಗುತ್ತಾನೆ. ಮೊದಲ ಮೂರು ಅಶುಭ ಲೇಶ್ಯೆಗಳು, ಕಡೆಯ ಮೂರು ಶುಭ. ಎಂದರೆ, ಶುಭಾಶುಭಗಳ ಗಡಿಯು ಈ ಚಿತ್ರದಲ್ಲಿ ಕೊಂಬೆಗೂ ರೆಂಬೆಗೂ ನಡುವೆ ಹಾದುಹೋಗಿದೆ.

ಆದರೆ ಈ ಚಿತ್ರದಲ್ಲಿ ಕಾಣದ ಏಳನೆಯವನೊಬ್ಬನಿದ್ದಾನೆ. ಹಣ್ಣೆಲ್ಲ ಮುಗಿದ ಮೇಲೆ ಗರಗಸ ಹಿಡಿದು ಬರುವವನು ಅವನು. ಆರು ಮಂದಿಯ ದೃಷ್ಟಿ ಇಂದಿನ ಹಸಿವಿನ ಮೇಲಿದ್ದರೆ ಇವನ ದೃಷ್ಟಿ ಬರುವ ವರ್ಷದ ಫಲದ ಮೇಲಿದೆ. ಅವನು ಮರವನ್ನು ಕಡಿಯುತ್ತಾನೆ. ಮರ ಉಳಿಯಲೆಂದೂ ಬಯಸುತ್ತಾನೆ. ಇವನನ್ನು ಯಾವ ಬಣ್ಣದಲ್ಲಿ ಬರೆಯಬೇಕು?

ಇದು ತೋಟಗಾರರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಬೆಂಗಳೂರಿನ ದಂಡು ಪ್ರದೇಶದ ಅಂಚಿನಲ್ಲಿ, ಇಂದಿನ ಸರ್ವಜ್ಞನಗರ ಕ್ಷೇತ್ರಕ್ಕೆ ಸೇರಿದ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರಗಳು ಒಂದು ಕಾಲಕ್ಕೆ ಹೊಲ ತೋಟಗಳ ಹಳ್ಳಿಗಳಾಗಿದ್ದವು. ಈಗ ಅಲ್ಲಿ 30 ಅಡಿ ಅಗಲ 40 ಅಡಿ ಉದ್ದದ ನಿವೇಶನಗಳು. ಮನೆ ಕಟ್ಟಿ ಉಳಿದ ಮೂಲೆಯಲ್ಲಿ ಒಂದು ಮಾವು, ಒಂದು ಸೀಬೆ, ಎಲ್ಲೋ ಒಂದು ನೇರಳೆ. ಮರಕ್ಕೆ ನಿವೇಶನದ ಅಳತೆ ತಿಳಿಯದು. ಅದು ವಿದ್ಯುತ್ ತಂತಿಯನ್ನು ಮುಟ್ಟುತ್ತದೆ, ನೆರೆಮನೆಯ ಮಾಳಿಗೆಯ ಮೇಲೆ ಬಾಗುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಟೊಳ್ಳುಗೊಂಬೆಯೊಂದು ಮುರಿದು ದಾರಿಹೋಕರ ಮೇಲೆ ಬಿದ್ದರೆ ಅದೂ ಹಿಂಸೆಯೇ. ಆದ್ದರಿಂದ ಮರವುಳ್ಳ ಶ್ರಾವಕನು ಒಂದಲ್ಲ ಒಂದು ದಿನ ಗರಗಸವನ್ನು ಹಿಡಿಯಲೇಬೇಕು, ಇಲ್ಲವೆ ಹಿಡಿಸಬೇಕು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಬಲ್ಲವರಿಗೆ ಕೂಲಿಯವನ ಕೈಯಲ್ಲಿ ಮಚ್ಚು ಕೊಟ್ಟು ತಾನು ಒಳಗೆ ಕುಳಿತರೆ ಬಿಡುಗಡೆಯಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಮಾಧಾನ ಒಂದಿದೆ: ಸವರುವುದು ಮರಕ್ಕೇ ಒಳ್ಳೆಯದು. ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಕಾಡಿನ ಮಾವಿಗೆ ಯಾರೂ ಕತ್ತರಿ ಹಾಕುವುದಿಲ್ಲ; ಅದು ಎತ್ತರವಾಗಿ ಬೆಳೆದು, ಮಂಗಗಳಿಗೂ ಬಾವಲಿಗಳಿಗೂ ಹಣ್ಣು ಕೊಟ್ಟು, ಬೀಜ ಚೆಲ್ಲಿ ಬಾಳುತ್ತದೆ. ಎತ್ತರದ ಹಣ್ಣು ಕೈಗೆಟುಕದಿರುವುದು ಮನುಷ್ಯನ ಕೊರತೆಯೇ ಹೊರತು ಮರದ ಕೊರತೆಯಲ್ಲ. ಮಾವಿನ ಕೊಂಬೆಗೆ ಹತ್ತುವ ಬದನಿಕೆಯ ವಿಷಯವನ್ನೇ ತೆಗೆದುಕೊಳ್ಳಬಹುದು. ಅದು ಮಾವಿನ ರಸವನ್ನು ಹೀರುವ ಬಂದಳಿಕೆ. ಅದನ್ನು ನೀಗಬೇಕಾದರೆ ಅಂಟಿಕೊಂಡ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಆದರೆ ಬದನಿಕೆಯೂ ಮಾವಿನಂತೆಯೇ ವನಸ್ಪತಿಕಾಯಿಕ ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಉಚ್ಛ್ವಾಸ, ಆಯುಸ್ಸು ಎಂಬ ನಾಲ್ಕು ಪ್ರಾಣಗಳು ಅದಕ್ಕೂ ಇವೆ. ಅದರ ಹಣ್ಣನ್ನೇ ನೆಚ್ಚಿದ ಪುಟ್ಟ ಹಕ್ಕಿಗೆ ಕನ್ನಡದಲ್ಲಿ ಬದನಿಕೆ ಹಕ್ಕಿ ಎಂದೇ ಹೆಸರು. ಎರಡು ಜೀವಗಳ ನಡುವೆ ಮನುಷ್ಯನು ಮಾವಿನ ಪಕ್ಷ ವಹಿಸುವುದು ತಾನು ಮಾವು ತಿನ್ನುವುದರಿಂದ. ಹಾಗೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅದನ್ನು ಮರದ ಸೇವೆಯೆಂದು ಕರೆದುಕೊಳ್ಳುವುದು ಮಾತ್ರ ಮಾಯಾಕಷಾಯಕ್ಕೆ ಹತ್ತಿರವಾದುದು.

ಹಾಗಾದರೆ ಗೃಹಸ್ಥನಿಗೆ ಇದು ನಿಷಿದ್ಧವೇ? ಅಲ್ಲ. ಅಸಿ, ಮಸಿಗಳೊಡನೆ ಕೃಷಿಯನ್ನೂ ಬೋಧಿಸಿದವನು ಆದಿನಾಥನೇ. ಅಣುವ್ರತಿಯು ಬಿಡುವುದು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು; ಆರಂಭೀ, ಉದ್ಯೋಗೀ ಹಿಂಸೆಗಳನ್ನು ಅವನು ಪೂರ್ತಿ ಬಿಡಲಾರ, ಮಿತಿಗೊಳಿಸಬಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಪ್ರಮಾದಚರ್ಯೆಯಲ್ಲಿ ಎಣಿಸುವುದು ನಿಷ್ಫಲವಾದ ವನಸ್ಪತಿಛೇದನವನ್ನು. ಆ ವಿಶೇಷಣದಲ್ಲೇ ವಿಚಾರವೆಲ್ಲ ಅಡಗಿದೆ. ಯಾವ ಛೇದನ ನಿಷ್ಫಲ, ಯಾವುದು ಅಲ್ಲ ಎಂಬುದನ್ನು ಅರಿಯಬೇಕಾದರೆ ಮರದ ಸ್ವಭಾವವನ್ನೇ ಅರಿಯಬೇಕು.

ಮಾವು ಬಲಿತ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ. ಸೀಬೆ ಹೊಸದಾಗಿ ಹೊರಟ ಚಿಗುರಿನಲ್ಲಿ ಹೂ ಕಟ್ಟುತ್ತದೆ. ಹಲಸು ಕಾಂಡದಲ್ಲಿಯೂ ದಪ್ಪ ಕೊಂಬೆಗಳಲ್ಲಿಯೂ ಕಾಯಿ ಹಿಡಿಯುತ್ತದೆ. ಮೂರನ್ನೂ ಒಂದೇ ದಿನ ಒಂದೇ ಮಚ್ಚಿನಿಂದ ತುದಿ ಕತ್ತರಿಸಿದವನು ಸೀಬೆಯಿಂದ ಫಲ ಪಡೆಯಬಹುದು, ಮಾವಿನ ಒಂದು ವರ್ಷದ ಫಲವನ್ನು ಕಳೆಯಬಹುದು, ಹಲಸಿನ ಎಲೆಗಳನ್ನು ವೃಥಾ ಕೆಡವಬಹುದು. ಅವನಿಗೆ ಮರದ ಮೇಲೆ ದ್ವೇಷವಿಲ್ಲ. ಆದರೂ ಪ್ರಮಾದವೆಂದರೆ ಇದೇ. ಅರಿಯದೆ ಮಾಡಿದೆ ಎಂಬುದು, ಅರಿಯಲು ಅವಕಾಶವಿದ್ದಾಗ, ನೆಪವಾಗಲಾರದು.

ಕತ್ತರಿಸುವ ಜಾಗಕ್ಕೂ ಇದೇ ಮಾತು ಸಲ್ಲುತ್ತದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಉಂಗುರದಂತೆ ತುಸು ಉಬ್ಬಿದ ಭಾಗವಿರುತ್ತದೆ. ಅದನ್ನು ಉಳಿಸಿ, ಅದರ ಹೊರಗೇ ಕೊಯ್ಯಬೇಕು. ಮೋಟು ಬಿಡಬಾರದು, ಕಾಂಡಕ್ಕೆ ಸಮನಾಗಿ ಹೆರೆಯಲೂ ಬಾರದು. ಭಾರವಾದ ಕೊಂಬೆಯಾದರೆ ಮೊದಲು ಅಡಿಯಿಂದ ಅರೆಗೊಯ್ತ, ಅದಕ್ಕಿಂತ ಹೊರಗೆ ಮೇಲಿನಿಂದ ಎರಡನೆಯದು, ಭಾರ ಕಳಚಿದ ಮೇಲೆ ಉಂಗುರದ ಹೊರಗೆ ಮೂರನೆಯದು. ಹೀಗೆ ಮಾಡಿದರೆ ತೊಗಟೆ ಸೀಳುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರ ಸುಮಾರಿಗೆ ಒಂದು ಸತ್ಯವನ್ನು ಜಗತ್ತಿಗೆ ತಿಳಿಸಿದರು: ಮರವು ಪ್ರಾಣಿಯಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಗಾಯದ ಸುತ್ತ ಒಳಗೋಡೆಗಳನ್ನು ಕಟ್ಟಿ ಅದನ್ನು ಅಲ್ಲೇ ಬಂಧಿಸುತ್ತದೆ. ಹೊರಗೆ ತೊಗಟೆ ಮುಚ್ಚಿದರೂ ಗಾಯ ಒಳಗೆ ಮರದ ಆಯುಸ್ಸಿನುದ್ದಕ್ಕೂ ಉಳಿದಿರುತ್ತದೆ. (ಈ ಅರಿವು ಬಂದದ್ದು ಸಾವಿರಾರು ಮರಗಳನ್ನು ಸೀಳಿದ್ದರಿಂದಲೇ ಎಂಬುದನ್ನೂ ಮರೆಯುವಂತಿಲ್ಲ.) ರೆಂಬೆಯ ಗಾಯವನ್ನು ಮರ ಬೇಗ ಮುಚ್ಚುತ್ತದೆ, ದಪ್ಪ ಕೊಂಬೆಯ ಗಾಯ ತೆರೆದೇ ಉಳಿದು ಕೊಳೆಗೆ ದಾರಿಯಾಗುತ್ತದೆ. ಕಾಪೋತಕ್ಕೂ ಪೀತಕ್ಕೂ ನಡುವಣ ಗಡಿ ಮರದ ಒಳಗೂ ಇದ್ದಂತೆ ತೋರುತ್ತದೆ.

ಆದರೆ ವಿಷಯ ಇಷ್ಟು ಸರಳವಲ್ಲ. ದೊಡ್ಡ ಕೊಂಬೆ ಕಡಿಯುವ ಪ್ರಸಂಗ ಬಾರದಿರಲೆಂದು ಎಳೆಯ ಗಿಡದಲ್ಲಿಯೇ ಕುಡಿ ಚಿವುಟಬೇಕೆಂದು ತೋಟಗಾರಿಕೆಯವರು ಹೇಳುತ್ತಾರೆ. ಉಗುರಿನಲ್ಲಿ ಆಗುವ ಕೆಲಸ. ನೋಡುವುದಕ್ಕೆ ಅತಿ ಮೃದುವಾದುದು. ಆದರೆ ಅದೇ ಜೀವಕಾಂಡದ ಪ್ರಕಾರ ಸಿರೆಗಳು ಇನ್ನೂ ಕಾಣದ, ಮುರಿದರೆ ಸಮನಾಗಿ ಮುರಿಯುವ ಎಳೆಚಿಗುರು ಸಪ್ರತಿಷ್ಠಿತ; ಅನಂತ ನಿಗೋದಜೀವಗಳಿಗೆ ಆಶ್ರಯ. ಬಲಿತ ರೆಂಬೆ ಹಾಗಲ್ಲ. ಒಣಗೊಂಬೆಯಂತೂ ಅಚಿತ್ತ, ಬಿಲಗಳಲ್ಲಿ ಇರುವೆಯೋ ಹುಳುವೋ ಇಲ್ಲವೆಂದು ನೋಡಿಕೊಂಡರೆ ಅದನ್ನು ತೆಗೆಯುವುದರಲ್ಲಿ ದೋಷ ಅತ್ಯಲ್ಪ. ಹೀಗೆ ಒಂದು ಲೆಕ್ಕದಲ್ಲಿ ಕುಡಿ ಚಿವುಟುವುದು ಹಗುರ, ಇನ್ನೊಂದರಲ್ಲಿ ಅತಿ ಭಾರ. ಎರಡನ್ನೂ ತಪ್ಪಿಸುವ ಉಪಾಯ ನೆಡುವಾಗಲೇ ಇದೆ. ಸಣ್ಣ ಮೂಲೆಗೆ ಆಮ್ರಪಾಲಿಯಂತಹ ಗಿಡ್ಡ ತಳಿಯನ್ನು ಆರಿಸಿ, ತಂತಿಯಿಂದ ದೂರ ನೆಟ್ಟವನು ಹತ್ತಾರು ವರ್ಷಗಳ ಛೇದನವನ್ನು ಒಂದು ದಿನದ ವಿವೇಕದಿಂದ ತಪ್ಪಿಸುತ್ತಾನೆ. ದ್ರಾಕ್ಷಿ ಬೆಳೆಗಾರನಿಗೆ ಈ ಅನುಕೂಲವಿಲ್ಲ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಚಾಟನಿಯಿಲ್ಲದೆ ಸರಿಯಾಗಿ ಫಲಿಸದು. ಅವನದು ಉದ್ಯೋಗೀ ಹಿಂಸೆ. ಅಂಗಳದ ಮರದವನು ಅವನ ಹೆಸರು ಹೇಳಿ ತನ್ನ ಮಚ್ಚನ್ನು ಸಮರ್ಥಿಸಿಕೊಳ್ಳುವಂತಿಲ್ಲ.

ಕೊನೆಗೆ ಕಾಲದ ಪ್ರಶ್ನೆ. ಮಾವನ್ನು ಸವರಬೇಕಾದದ್ದು ಕೊಯ್ಲು ಮುಗಿದ ಕೂಡಲೇ. ಆಗ ಬರುವ ಚಿಗುರು ಚಳಿಗಾಲದೊಳಗೆ ಬಲಿತು ಹೂವಿಗೆ ಸಿದ್ಧವಾಗುತ್ತದೆ. ಬಾದಾಮಿ ಮಾವಿನ ಕೊಯ್ಲು ಮೇ, ಜೂನ್ ತಿಂಗಳಲ್ಲಿ ಮುಗಿಯುವುದರಿಂದ ಆ ಮರದ ಯಜಮಾನನಿಗೆ ಚಾತುರ್ಮಾಸಕ್ಕೆ ಮುಂಚೆ ಕೆಲವು ದಿನ ದೊರೆಯುತ್ತವೆ. ನೀಲಂ ತಡವಾದ ತಳಿ. ಜುಲೈಯಲ್ಲಿಯೂ ಮರದಲ್ಲಿ ಹಣ್ಣಿರುತ್ತದೆ. ಅಷ್ಟರಲ್ಲಿ ಮುನಿಗಳು ಒಂದೆಡೆ ನೆಲೆ ನಿಂತಿರುತ್ತಾರೆ. ನೆಲದಲ್ಲಿಯೂ ತೊಗಟೆಯಲ್ಲಿಯೂ ಹಸಿರು ಮೂಡಿ, ಕಣ್ಣಿಗೆ ಕಾಣುವ, ಕಾಣದ ಜೀವಗಳು ತುಂಬಿರುತ್ತವೆ. ಹಸಿರು ತರಕಾರಿಯನ್ನೇ ತ್ಯಜಿಸಿದ ಮನೆಯವರು ಆ ದಿನಗಳಲ್ಲಿ ಏಣಿ ಹಾಕಿ ಹಸಿಕೊಂಬೆ ಕೊಯ್ಯುವುದು ಹೇಗೆ? ಕಾರ್ತೀಕ ಕಳೆಯಲೆಂದು ಕಾದರೆ, ಸವರುವುದೆಂದರೆ ಹೂ ಬಿಡಲಿರುವ ತುದಿಗಳನ್ನೇ ತೆಗೆದಂತೆ. ಅಂತಹ ಮನೆಯಲ್ಲಿ ಆ ವರ್ಷ ಗರಗಸವನ್ನು ಒಳಗೇ ಇಡುವುದು ಮೇಲು. ತಂತಿಗೆ ತಗಲುವ ಒಂದೆರಡು ರೆಂಬೆ, ಬೀಳಲಿರುವ ಒಣಗೊಂಬೆ, ಇಷ್ಟನ್ನು ಮಾತ್ರ ತೆಗೆಯಬಹುದು. ಮರ ಇನ್ನೊಂದು ವರ್ಷ ಹಾಗೆಯೇ ನಿಲ್ಲುತ್ತದೆ. ಬಿಸಿಲು ತಾಗದ ಒಳಗೊಂಬೆಗಳಲ್ಲಿ ಹಣ್ಣು ಕಡಿಮೆಯಾಗುತ್ತದೆ. ಗೋಡೆಯಾಚೆ ಬಾಗಿದ ಕೊಂಬೆಯ ಹಣ್ಣು ನೆರೆಯವರ ಅಂಗಳದಲ್ಲಿ ಉದುರುತ್ತದೆ.