ಗೆರೆಗಿಂತ ಮೂರು ಬೆರಳು ಹಿಂದೆ

ತಲಕಾಡಿಗೆ ಯಾರೂ ಗಾಲ್ಫ್ ಕೋಲು ಹಿಡಿದು ಹೋಗುವುದಿಲ್ಲ. ನಾನು ಹೋದೆ. ಮೈಸೂರಿನಲ್ಲಿ ಈ ಆಟ ಕಲಿತ ಅಕ್ಕನ ಮಗ ಐವತ್ತು ದಾಟಿದ ನನಗೂ ಅದರ ಹುಚ್ಚು ಹತ್ತಿಸಿದ್ದ. ನನ್ನ ದೂರು ಒಂದೇ: ಒಂದು ಹೊಡೆತ ಬಾಣದ ಹಾಗೆ ಹೋಗುತ್ತದೆ, ಮುಂದಿನದು ನೆಲ ಕೆರೆದು ಹತ್ತಡಿ ಉರುಳುತ್ತದೆ. ಸ್ಥಿರತೆ ಇಲ್ಲ.

ದೇವಸ್ಥಾನಗಳಿಂದ ದೂರ, ಕಾವೇರಿ ದಂಡೆಯ ಒದ್ದೆ ಮರಳಿನಲ್ಲಿ ಅವನು ಉದ್ದಕ್ಕೊಂದು ಗೆರೆ ಎಳೆದ. “ಚೆಂಡು ಬೇಡ ಮಾವ. ಗೆರೆ ಮೇಲೆ ಚೆಂಡಿದೆ ಅಂದ್ಕೊಂಡು, ಸರೀತಾ ಸರೀತಾ ಹತ್ತು ಸಲ ಬೀಸಿ. ಕೋಲು ಮರಳು ಕೀಳೋದು ಗೆರೆಯಿಂದ ಮುಂದಕ್ಕೆ ಇರ್ಬೇಕು.” ಕಬ್ಬಿಣದ ಕೋಲು ಮೊದಲು ಚೆಂಡನ್ನು ಮುಟ್ಟಿ ಆಮೇಲೆ ನೆಲವನ್ನು ಮುಟ್ಟಬೇಕು, ಈ ಅಭ್ಯಾಸ ಅಷ್ಟಕ್ಕೇ.

ಬೀಸಿದೆ. ಏಳಾದರೂ ಸರಿಯಾಗಿ ಬಿದ್ದವೆಂದು ಮೈ ಹೇಳಿತು. ಬಗ್ಗಿ ನೋಡಿದರೆ ಹತ್ತೂ ಗುರುತು ಗೆರೆಗಿಂತ ಮೂರು ಬೆರಳು ಹಿಂದೆ, ಅಚ್ಚೊತ್ತಿದ ಹಾಗೆ ಸಾಲಾಗಿ! ನನಗಿಲ್ಲವೆಂದು ಕೊರಗುತ್ತಿದ್ದ ಸ್ಥಿರತೆ ನನ್ನಲ್ಲಿ ಧಾರಾಳವಾಗಿತ್ತು. ಬಾಣದಂತೆ ಹೋದ ಹೊಡೆತಗಳೇ ಆಕಸ್ಮಿಕ; ಕೊನೆಯ ಗಳಿಗೆಯಲ್ಲಿ ಕೈ ಹೇಗೋ ಸರಿದೂಗಿಸಿದ್ದವು. ಅವನು ಹತ್ತಿರ ಬರುವ ಮೊದಲೇ ನನ್ನ ಕಾಲು ತಾನಾಗಿ ಎರಡು ಗುರುತು ಅಳಿಸಿತ್ತು. ತಾನಾಗಿ ಎಂದು ಬರೆದೆ, ಅಳಿಸಿದವನು ನಾನೇ.

“ಅಳಿಸ್ಬೇಡಿ ಮಾವ, ನೋಡೋಕೇ ಅಲ್ವಾ ಬಂದಿರೋದು.”

ಸ್ಥಿರತೆಯನ್ನು ನಾವು ಗುಣವೆಂದೇ ಎಣಿಸುತ್ತೇವೆ. ಪ್ರತಿ ಕಿಲೋಗೂ ತಪ್ಪದೆ ಐವತ್ತು ಗ್ರಾಂ ಕಡಿಮೆ ತೂಗುವ ತಕ್ಕಡಿಗೂ ಅದು ಇದೆ. ಹಾಗಾದರೆ ನನ್ನ ತಪ್ಪು ಯಾವುದು? ಗೆರೆಯ ಹಿಂದೆ ಹೊಡೆದದ್ದಲ್ಲ. ಸರಿ ಹೊಡೆದೆ ಎಂಬ ಭಾವನೆಯೂ ಅಲ್ಲ, ಅದು ಸುಳ್ಳಾದರೂ ನಾನು ಬೇಕೆಂದು ಹೇಳಿದ ಸುಳ್ಳಲ್ಲ. ತಪ್ಪು ಶುರುವಾದದ್ದು ಕಾಲಿನಿಂದ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ, ಟೋಕಿಯೋ ಒಲಿಂಪಿಕ್ಸಿನಲ್ಲಿ, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ತಾವು ಹಿಂದೆ ಎಂಬುದನ್ನು ಅವರು ಬಚ್ಚಿಡಲಿಲ್ಲ. ಆ ಕೊರತೆಯನ್ನು ಗುಳಿಯ ಹತ್ತಿರದ ಮೆಲುಹೊಡೆತದಲ್ಲಿ, ಪಟಿಂಗ್‌ನಲ್ಲಿ, ತುಂಬಿಕೊಂಡರು. ಕೊರತೆಯ ಅಳತೆ ಗೊತ್ತಿಲ್ಲದವರಿಗೆ ತುಂಬಿಕೊಳ್ಳುವ ದಾರಿಯೂ ಇಲ್ಲ.

ಈ ಊರು ಮರಳಿನಲ್ಲಿ ಹೂತದ್ದು ಅಲಮೇಲಮ್ಮನ ಶಾಪದಿಂದ ಎಂಬ ಕತೆ ನಮಗೆಲ್ಲ ಇಷ್ಟ, ನನಗೂ. ಮಾಧವಮಂತ್ರಿ ಅಣೆಕಟ್ಟಿನಿಂದ ಹೊಳೆಯ ಹರಿವು ತಗ್ಗಿ, ಬರಿದಾದ ಪಾತ್ರದ ಮರಳನ್ನು ಗಾಳಿ ಹೊತ್ತು ತಂದಿರಬೇಕು ಎಂಬ ವಿದ್ವಾಂಸರ ಮಾತು ಓದಿದಾಗ ಏನೋ ಕಳೆದುಕೊಂಡಂತಾಗಿತ್ತು. ಶಾಪವಾದರೆ ನಾವು ಕೈತೊಳೆದುಕೊಳ್ಳಬಹುದು. ಅಣೆಕಟ್ಟು ಕಟ್ಟಿದವರು ಮನುಷ್ಯರು.

ಹನ್ನೊಂದನೆಯದಕ್ಕೆ ಮೈಭಾರವನ್ನು ಎಡಗಾಲಿಗೆ ಬಿಟ್ಟು ಬೀಸಲು ಹೇಳಿದ. ಗುರುತು ಗೆರೆಗಿಂತ ಎರಡು ಬೆರಳು ಹಿಂದೆ ಬಿತ್ತು. ಮಂಡಿಯೂರಿ, ಬೆರಳಿಟ್ಟು, ಎರಡು ಸಲ ಅಳೆದೆ.