ಒಡವೆ ಮತ್ತು ಒಡೆತನ

ಕೊಂಡ ವಸ್ತು ಕೊಂಡವನದು ಎಂಬ ವಿಷಯದಲ್ಲಿ ನಮ್ಮ ಹಿರಿಯರಿಗೆ ಸಂದೇಹವಿರಲಿಲ್ಲ. ಸಂತೆಯಲ್ಲಿ ಎತ್ತಿನ ಹಗ್ಗ ಕೈ ಬದಲಾಯಿಸಿತೆಂದರೆ ಒಡೆತನವೂ ಬದಲಾಯಿತು. ಮಾರಿದವನು ಮರುದಿನ ಮನೆಗೆ ಬಂದು, ಎತ್ತು ಯಾವ ಹೊಲ ಉಳಬೇಕೆಂದು ಹೇಳುವಂತಿರಲಿಲ್ಲ. ಒಡವೆ, ಒಡೆಯ ಎಂಬ ಎರಡು ಮಾತುಗಳೂ ಒಂದೇ ಬೇರಿನವು. ಕಂಪ್ಯೂಟರು ಮನೆಗೆ ಬಂದ ಮೇಲೆ ಆ ನಂಟು ಸಡಿಲವಾಗಿದೆ. ಯಂತ್ರ ನಮ್ಮದು, ಕಂತು ಕಟ್ಟುವವರೂ ನಾವು. ಆದರೆ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ನಮಗೆ ಬಂದಿರುವುದು ಬಳಕೆಯ ಪರವಾನಗಿಯಾಗಿ ಮಾತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದಾಗ, ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ತಕ್ಕವಲ್ಲವೆಂದು ಹೊರಗುಳಿದವು. ಯಂತ್ರ ಸವೆದಿರಲಿಲ್ಲ, ಅನುಗ್ರಹ ತೀರಿತ್ತು.

ಈ ಅವಸ್ಥೆಗೆ ಒಪ್ಪದವರಲ್ಲಿ ಅನೇಕರು ಲಿನಕ್ಸಿನ ಕಡೆ ತಿರುಗುತ್ತಾರೆ. ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ತರುಣ 1991ರಲ್ಲಿ ಅದರ ತಿರುಳನ್ನು, ಎಂದರೆ ಕರ್ನೆಲನ್ನು, ಬರೆದ. ಮರುವರ್ಷ ರಿಚರ್ಡ್ ಸ್ಟಾಲ್ಮನ್ನರು ರೂಪಿಸಿದ್ದ ಜಿಪಿಎಲ್ ಎಂಬ ಪರವಾನಗಿಯ ಕೆಳಗೆ ತಂದ. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವವನು ತನಗೆ ಸಿಕ್ಕ ಸ್ವಾತಂತ್ರ್ಯವನ್ನು ಪಡೆಯುವವನಿಗೂ ಬಿಟ್ಟುಕೊಡಬೇಕು.

ನನ್ನ ಸೋದರಳಿಯನೊಬ್ಬ ಇಂಜಿನಿಯರಿಂಗ್ ಓದುತ್ತಾನೆ. ಅವನದು ಗೇಮಿಂಗ್ ಲ್ಯಾಪ್‌ಟಾಪು. ಎತ್ತಿದರೆ ಕಿಟ್ಟೆಲರ ನಿಘಂಟು ನೆನಪಾಗುತ್ತದೆ, ಕೀಲಿಮಣೆಯಲ್ಲಿ ವರ್ಷವಿಡೀ ದೀಪಾವಳಿ. ದಸರೆಯ ರಜೆಯಲ್ಲಿ ಅವನು ಅದಕ್ಕೆ ಲಿನಕ್ಸ್ ಹಾಕಲು ಕುಳಿತಾಗ ನಾನೂ ಪಕ್ಕದಲ್ಲಿದ್ದೆ. ಪೆನ್‌ಡ್ರೈವ್ ಸಿದ್ಧಪಡಿಸಿ, ಡಿಸ್ಕಿನಲ್ಲಿ ವಿಂಡೋಸಿನ ಪಾಲನ್ನು ಕುಗ್ಗಿಸಿ, ಉಳಿದ ಜಾಗದಲ್ಲಿ ಉಬುಂಟುವನ್ನು ಇಳಿಸಿದ. ಇಂಥ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಂಟು: ತಾನು ಬಲ್ಲ ಸಹಿಯಿಲ್ಲದ ತಂತ್ರಾಂಶವನ್ನು ಅದು ಹೊಸಿಲಲ್ಲೇ ತಡೆಯುತ್ತದೆ. ಅಂಗಡಿಯಿಂದ ಬರುವಾಗ ಅದು ಬಲ್ಲ ಸಹಿಗಳಲ್ಲಿ ಮೈಕ್ರೋಸಾಫ್ಟಿನದು ಮುಖ್ಯ. ಆದ್ದರಿಂದ ಗ್ರಾಫಿಕ್ಸ್ ಚಿಪ್ಪಿಗೆ ಬೇಕಾದ ಡ್ರೈವರನ್ನು ಸೇರಿಸುವಾಗ ಯಂತ್ರ ಒಮ್ಮೆ ನಿಂತು, ನೀಲಿ ಪರದೆಯ ಮೇಲೆ, ಈ ಹೊಸ ಕೀಲಿಯನ್ನು ನಂಬಲೇ ಎಂದು ಕೇಳಿತು. ಮೊದಲೇ ಗೊತ್ತುಮಾಡಿದ ಗುಪ್ತಪದವನ್ನು ಎದುರಿಗೆ ಕುಳಿತವನೇ ಕೈಯಾರೆ ಒತ್ತಬೇಕು. ಒಡೆಯ ಯಾರೆಂದು ಯಂತ್ರವೇ ವಿಚಾರಿಸಿಕೊಂಡ ಆ ಗಳಿಗೆ ನನಗೆ ಬಹಳ ಹಿಡಿಸಿತು.

ಅವನ ಆಟಗಳಲ್ಲಿ ಬಹುಪಾಲು ಅಲ್ಲಿಯೂ ನಡೆದವು. 2018ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಪ್ರೋಟಾನ್, ವಿಂಡೋಸಿಗೆಂದು ಬರೆದ ಆಟಕ್ಕೂ ಲಿನಕ್ಸಿಗೂ ನಡುವೆ ದುಭಾಷಿಯಾಗಿ ನಿಲ್ಲುತ್ತದೆ. ಗೆಳೆಯರೊಡನೆ ಆಡುತ್ತಿದ್ದ ಒಂದು ಆಟ ಮಾತ್ರ ಬಾಗಿಲು ತೆರೆಯಲಿಲ್ಲ, ಅದೂ ಬೇಕೆಂದೇ. ಮೋಸ ತಡೆಯುವ ಅದರ ಕಾವಲುಗಾರ ಕರ್ನೆಲಿನ ಮಟ್ಟದಲ್ಲಿ ಕುಳಿತು ಯಂತ್ರದ ಮೆಮೊರಿಯನ್ನೆಲ್ಲ ಶೋಧಿಸಬಲ್ಲ. ಲಿನಕ್ಸಿನಲ್ಲಾದರೋ ಒಡೆಯನು ಕರ್ನೆಲನ್ನೇ ತಿದ್ದಬಲ್ಲನಾದ್ದರಿಂದ, ಕಾವಲುಗಾರನ ಕಣ್ಣಿಗೇ ಪಟ್ಟಿ ಕಟ್ಟಬಹುದು. 2024ರ ಅಕ್ಟೋಬರಿನಲ್ಲಿ ಏಪೆಕ್ಸ್ ಲೆಜೆಂಡ್ಸ್ ಎಂಬ ಪ್ರಸಿದ್ಧ ಆಟ ಲಿನಕ್ಸನ್ನು ಹೊರಗಿಟ್ಟಾಗ ಅದರವರು ಕೊಟ್ಟ ಕಾರಣವೂ ಇದೇ ಜಾತಿಯದು: ಲಿನಕ್ಸಿನ ಮುಕ್ತತೆ ಮೋಸಗಾರರಿಗೆ ಅನುಕೂಲ.

ಇಲ್ಲಿ ಒಡೆತನದ ಪ್ರಶ್ನೆ ತನ್ನ ಇನ್ನೊಂದು ಮುಖ ತೋರಿಸುತ್ತದೆ. ಯಂತ್ರ ನಿಜವಾಗಿ ನನ್ನದಾದಷ್ಟೂ, ದೂರದಲ್ಲಿ ಕುಳಿತ ಮತ್ತೊಬ್ಬನಿಗೆ ನನ್ನನ್ನು ನಂಬಲು ಆಧಾರ ಕಡಿಮೆಯಾಗುತ್ತದೆ. "ಗೋಡೆಯಾಚೆ ಇರುವವರನ್ನೂ ಕಾಣುವ ತಂತ್ರ ಹಾಕಿಕೊಂಡವನ ಕೈಯಲ್ಲಿ ಒಂದು ವಾರ ಸೋತು ನೋಡಿ ಮಾವ, ನೀವೇ ಕಾವಲುಗಾರ ಬೇಕು ಎನ್ನುತ್ತೀರಿ" ಎಂದ ಹುಡುಗ.

ಇಪ್ಪತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕಾವಲು ನಿಂತ ನಾನು ಈ ಮಾತನ್ನು ತಳ್ಳಿಹಾಕಲಾರೆ. ರಾತ್ರಿಯೆಲ್ಲ ಓದಿದ ಹುಡುಗಿಯ ಅಂಕಕ್ಕೆ ಬೆಲೆ ಉಳಿಯಬೇಕಾದರೆ ಯಾರಾದರೂ ಅಲ್ಲಿ ನಿಲ್ಲಲೇಬೇಕು. ಆದರೆ ನನ್ನ ಅಧಿಕಾರ ಕೊಠಡಿಯ ಬಾಗಿಲವರೆಗೆ, ಮೂರು ಗಂಟೆಯ ಕಾಲ. ಅವಳ ಮನೆಗೆ ಹೋಗಿ ಪೆಟ್ಟಿಗೆ ತೆಗೆದು ನೋಡುತ್ತೇನೆಂದರೆ, ಏನನ್ನೂ ಮುಟ್ಟುವುದಿಲ್ಲವೆಂದು ಆಣೆಯಿಟ್ಟರೂ, ಅವಳ ತಾಯಿ ನನ್ನನ್ನು ಹೊಸಿಲು ದಾಟಗೊಡಬಾರದು. ಕರ್ನೆಲಿನ ಕಾವಲುಗಾರ ಮನೆಗೇ ಬಂದು ಕುಳಿತ ಮೇಲ್ವಿಚಾರಕ. 2020ರಲ್ಲಿ ವ್ಯಾಲೊರಂಟ್ ಆಟದೊಡನೆ ಬಂದ ವ್ಯಾನ್‌ಗಾರ್ಡನ್ನು, ಆಟ ತೆರೆಯುವುದಕ್ಕೆ ಮೊದಲೇ, ಯಂತ್ರ ಎದ್ದೊಡನೆ ತಾನೂ ಏಳುವಂತೆ ರಚಿಸಿದ್ದರು. ಅಂಥ ಯಂತ್ರದಲ್ಲೇ ಹುಡುಗರ ಬ್ಯಾಂಕಿನ ಲೆಕ್ಕ, ತಾಯಿಯ ಆಸ್ಪತ್ರೆಯ ಕಾಗದ, ಯಾರಿಗೋ ಬರೆದು ಕಳುಹಿಸದೆ ಉಳಿದ ಪತ್ರ ಇರುತ್ತವೆ. ಕಾವಲುಗಾರ ಅವನ್ನು ಓದುತ್ತಾನೆಂದು ನಾನು ಹೇಳುತ್ತಿಲ್ಲ. ಓದಬಲ್ಲ ಜಾಗದಲ್ಲಿ ಕುಳಿತಿದ್ದಾನೆ, ಅಷ್ಟೆ.

ಬೇರೆ ದಾರಿಯಿಲ್ಲವೆ? ಮೌಲ್ಯಮಾಪನ ಮಾಡಿದವರಿಗೆ ಗೊತ್ತು: ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ, ಕೊಠಡಿಯಲ್ಲಿ ನಡೆದದ್ದನ್ನು ಯಾರೂ ಹೇಳಬೇಕಾಗಿಲ್ಲ. ಆಟ ನಡೆಸುವ ಸರ್ವರೂ ಹಾಗೆ ಆಟವನ್ನೇ ನೋಡಿ ಮೋಸವನ್ನು ಊಹಿಸಬಹುದು. ಆಟಗಾರ ಕಾಣಬಾರದ್ದನ್ನು ಅವನ ಯಂತ್ರಕ್ಕೆ ಕಳುಹಿಸದೆಯೂ ಇರಬಹುದು. ಇದು ನಿಧಾನದ, ಖರ್ಚಿನ ದಾರಿ. ಸಿಕ್ಕಿಬೀಳುವ ಮೊದಲು ಕಳ್ಳ ನಾಲ್ಕು ಆಟ ಗೆದ್ದಿರುತ್ತಾನೆ. ಕರ್ನೆಲಿನ ಕಾವಲಾದರೂ ಪೂರ್ಣವೆ? ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರಿಟ್ಟು, ವಿಶೇಷ ಕಾರ್ಡೊಂದರ ಮೂಲಕ ಮೊದಲನೆಯದರ ಮೆಮೊರಿಯನ್ನು ಓದಿಕೊಳ್ಳುವ ಪ್ರವೀಣರೂ ಇದ್ದಾರೆ. ನನಗೆ ತೋರುವಂತೆ ಜಗಳವಿರುವುದು, ನಂಬಿಕೆಯ ಖರ್ಚನ್ನು ಯಾರು ಹೊರಬೇಕೆಂಬಲ್ಲಿ. ಈಗ ಅದನ್ನು ಹೊರುತ್ತಿರುವವನು ಸಾಚಾ ಆಟಗಾರ, ತನ್ನ ಮನೆಯ ಬೀಗದ ಕೈ ಕೊಟ್ಟು.

ಹಾಗಾದರೆ ಆ ಆಟವನ್ನೇ ಬಿಡು ಎಂದೆ.

"ಆಟ ಬಿಡಬಹುದು ಮಾವ. ಅದರಲ್ಲಿ ನಾಲ್ಕು ಜನ ಗೆಳೆಯರಿದ್ದಾರಲ್ಲ? ಒಬ್ಬ ಈಗ ಕೆನಡಾದಲ್ಲಿದ್ದಾನೆ. ವಾರಕ್ಕೊಮ್ಮೆ ನಾವು ಸೇರುವುದು ಅಲ್ಲೇ."

ಜಿಪಿಎಲ್ಲಿನಲ್ಲಿ ಇದಕ್ಕೆ ಉತ್ತರವಿಲ್ಲ. ಅವನೇ ಒಂದು ಉಪಾಯ ಮಾಡಿಕೊಂಡ. ವಿಂಡೋಸಿನ ಪಾಲಿನಲ್ಲಿ ಆ ಆಟದ ಹೊರತು ತನ್ನದೆಂಬುದು ಏನನ್ನೂ ಉಳಿಸದೆ, ಲಿನಕ್ಸಿನ ಪಾಲನ್ನು ಗುಪ್ತಲಿಪಿಯಲ್ಲಿ ಮುಚ್ಚಿದ. ಕಾವಲುಗಾರನಿಗೆ ಜಗಲಿ, ತನಗೆ ನಡುಮನೆ. ಶನಿವಾರ ರಾತ್ರಿ ಯಂತ್ರವನ್ನು ಒಮ್ಮೆ ಮುಚ್ಚಿ ತೆರೆದು ಜಗಲಿಗೆ ಹೋಗುತ್ತಾನೆ. 512 ಜಿಬಿಯ ಡಿಸ್ಕಿನಲ್ಲಿ 200 ಜಿಬಿ ಆ ನಾಲ್ವರಿಗಾಗಿ ಇದೆ.