ನಷ್ಟದ ಪಾಲು ಯಾರಿಗೆ?

ಬೀದರ್ ಜಿಲ್ಲೆಯ ಚಿಟಗುಪ್ಪದ ಸುತ್ತ ಸೋಯಾ ಬಿತ್ತುವವರಿಗೆ ಎಕರೆ ಖರ್ಚಿನ ಲೆಕ್ಕ ಬಾಯಿಪಾಠ. ಟ್ರ್ಯಾಕ್ಟರ್ ಬಾಡಿಗೆ, ಬೀಜ, ಗೊಬ್ಬರ, ಕಳೆ ಕೂಲಿ, ಎಣ್ಣೆ ಹೊಡೆಸಿದ್ದು, ಕಟಾವು, ರಾಶಿ ಮಷೀನು, ಗಾಡಿ, ಹಮಾಲಿ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಹಿಡಿಯುವ ಲೆಕ್ಕವೂ ಹೆಚ್ಚುಕಡಿಮೆ ಇದೇ. ಕೈಯಿಂದ ಹೋದ ಖರ್ಚಿಗೆ ಮನೆಯವರ ದುಡಿಮೆ ಕೂಡಿಸಿದರೆ ಒಂದು ಮೊತ್ತ. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಹಣದ ಬಡ್ಡಿಯನ್ನೂ ಕೂಡಿಸಿದರೆ ಇನ್ನೊಂದು, ಅದನ್ನು 'ಸಿ2' ಎನ್ನುತ್ತಾರೆ. 2018ರಿಂದ ಬೆಂಬಲ ಬೆಲೆ ಮೊದಲನೆಯ ಮೊತ್ತದ ಕನಿಷ್ಠ ಒಂದೂವರೆ ಪಟ್ಟು. ಎರಡನೆಯದರ ಮೇಲೇ ಕೊಡಿ ಎಂಬುದು ರೈತ ಸಂಘಟನೆಗಳ ಬೇಡಿಕೆ. ಅದು ನ್ಯಾಯವಾದದ್ದೇ.

ಆದರೆ ಎರಡೂ ಲೆಕ್ಕ ಸರಾಸರಿಯದು. ಸರಾಸರಿಗೆ ಹೊಲವಿಲ್ಲ, ಸಾಲವಿಲ್ಲ, ಮದುವೆಗೆ ಬಂದ ಮಗಳಿಲ್ಲ. ಬೆಳೆ ಹೋದ ವರ್ಷದ ಹೊರೆ ಯಾರು ಹೊತ್ತರು ಎಂಬುದಕ್ಕೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ.

ಅಕ್ಟೋಬರದ ಸೋಯಾ ನೋಡಿ. ಕಾಯಿ ಒಣಗುವ ಹೊತ್ತಿಗೆ ಮಳೆ ಬಂದರೆ ಕಾಳು ತೇವ ಹಿಡಿಯುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ. 12 ಮೀರಬಾರದು. 2024ರಲ್ಲಿ ಕೇಂದ್ರ ಸರ್ಕಾರ ಆ ಒಂದು ಹಂಗಾಮಿಗೆ ಅದನ್ನು ಶೇ. 15ಕ್ಕೆ ಸಡಿಲಿಸಿತು. ಆದರೆ ಗೊಬ್ಬರದಂಗಡಿಯ ಉದ್ರಿ ಕಾಳು ಒಣಗುವವರೆಗೆ ಕಾಯುವುದಿಲ್ಲ. ರೈತ ಹಸಿ ಕಾಳನ್ನೇ ಅಡತಿಗೆ ಹಾಕಿ ಬರುತ್ತಾನೆ. ಖರೀದಿದಾರ ತೇವಕ್ಕೆ ಬೆಲೆ ಮುರಿದುಕೊಳ್ಳುತ್ತಾನೆ, ಅಡತಿಯವನು ಕಮಿಷನ್ ಹಿಡಿಯುತ್ತಾನೆ, ಸಾಲ ಕೊಟ್ಟವನು ಬಡ್ಡಿ ಹಿಡಿಯುತ್ತಾನೆ. ಮಳೆಯ ಹೊಣೆ ಕೈಯಿಂದ ಕೈಗೆ ಜಾರಿ ಕೊನೆಗೆ ಹೊಲದವನ ಕೊರಳಿಗೇ ಬೀಳುತ್ತದೆ. ಹೊಣೆ ಜಾರಿಸಿದವರನ್ನೆಲ್ಲ ನಾವು ದಕ್ಷರು ಎನ್ನುತ್ತೇವೆ. ಜಾರಿಸಲು ಇನ್ನೊಬ್ಬರಿಲ್ಲದ ರೈತನಿಗೆ ವ್ಯವಹಾರ ಗೊತ್ತಿಲ್ಲ ಎನ್ನುತ್ತೇವೆ. ಈ ಮಾತು ನನಗೆ ಅನ್ಯಾಯವೆನಿಸುತ್ತದೆ.

1997-98ರಲ್ಲಿ ಈ ಜಿಲ್ಲೆಯ ತೊಗರಿ ಕೈಕೊಟ್ಟಿತು, ರೈತರು ಜೀವ ಕಳೆದುಕೊಂಡರು. ಅದನ್ನು ಅಧ್ಯಯನ ಮಾಡಿದ ಎ. ಆರ್. ವಾಸವಿ 1999ರಲ್ಲಿ ಬರೆದ ಲೇಖನ ಇಂದಿಗೂ ಓದಬೇಕಾದದ್ದು. ಮಾರುಕಟ್ಟೆಯನ್ನೂ ಸರ್ಕಾರವನ್ನೂ ಒಟ್ಟಿಗೆ ಪ್ರಶ್ನಿಸಿದ ಅವರು, ಬೇಸಾಯದಲ್ಲಿ ರೈತ ಹೇಗೆ ಒಂಟಿಯಾದ ಎಂಬುದನ್ನು ಗಮನಿಸಿದರು. ಬೆಳೆ ಹೋದದ್ದಕ್ಕಿಂತ ಆ ಒಂಟಿತನವೇ ನನ್ನನ್ನು ಹೆಚ್ಚು ಕಾಡುತ್ತದೆ.

ಹಿಂದೆ ಇಲ್ಲಿ ತೊಗರಿಯ ಸಾಲಿನ ನಡುವೆ ಹೆಸರು, ಉದ್ದು, ಪಕ್ಕದಲ್ಲಿ ಜೋಳ ಹಾಕುವ ಪದ್ಧತಿ ಇತ್ತು. ಒಂದೇ ಬೆಳೆಯ ಇಳುವರಿ ಅಳೆದರೆ ಅದು ಹಿಂದುಳಿದ ಬೇಸಾಯ. ಆದರೆ ತೊಗರಿ ಹೋದರೂ ಅದಕ್ಕೂ ಮೊದಲೇ ಹೆಸರು ಮನೆ ಸೇರಿರುತ್ತಿತ್ತು, ದನಕ್ಕೆ ಜೋಳದ ಕಣಿಕೆ ಇರುತ್ತಿತ್ತು. ವಿಮೆ ಹೊಲದಲ್ಲೇ ಇತ್ತು. ಹಳೆಯದಕ್ಕೇ ಮರಳಿರೆಂದು ನಾನು ಹೇಳಲಾರೆ. ಸೋಯಾ ಬೇಗ ರೊಕ್ಕ ಕೊಡುತ್ತದೆ, ಹಿಂಗಾರಿನ ಕಡಲೆಗೆ ಹೊಲ ಬಿಡುತ್ತದೆ. ಆದರೆ ಹೊಲದ ವಿಮೆ ಹೋದ ಮೇಲೆ ಬಂದದ್ದು ಕಾಗದದ ವಿಮೆ. 2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 2 ಮಾತ್ರ, ಅದು ಒಳ್ಳೆಯದೇ. ಆಲಿಕಲ್ಲು, ಜಲಾವೃತದಂಥ ನಷ್ಟ ಬಿಟ್ಟರೆ ಪರಿಹಾರ ನಿಲ್ಲುವುದು ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ಮತ್ತೆ ಸರಾಸರಿ!

ಇಲ್ಲಿಂದ ಬಸವಕಲ್ಯಾಣ ದೂರವಿಲ್ಲ. ದುಡಿದದ್ದನ್ನು ಹಂಚಿ ಉಣ್ಣುವುದೇ ದಾಸೋಹ ಎಂದು ಶರಣರು ಬದುಕಿ ತೋರಿಸಿದ ನೆಲವಿದು. ಬೇಳೆ ಅಗ್ಗವಾಗಲೆಂದು ತೊಗರಿ ಆಮದಾದಾಗ ಊಟದ ತಟ್ಟೆ ಮುಂದಿಟ್ಟುಕೊಂಡ ನಾವೂ ಈ ಲೆಕ್ಕದ ಒಳಗೇ ಇದ್ದೇವೆ. ಫಲ ಎಲ್ಲರೂ ಉಂಡು ನಷ್ಟವನ್ನು ಒಬ್ಬನಿಗೇ ಬಡಿಸುವುದು ಯಾವ ದಾಸೋಹ?

ಪ್ರಶ್ನಾವಳಿ ಹಿಡಿದು ಹೊಲಕ್ಕೆ ಬರುವ ಕೃಷಿ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ಎಕರೆಗೆ ಎಷ್ಟು ಖರ್ಚು ಎಂದು ಕೇಳಿದ ಮೇಲೆ, ಬೆಳೆ ಹೋದ ವರ್ಷ ಏನು ಮಾರಿದಿರಿ, ಯಾರ ಹತ್ತಿರ ಸಾಲ ತಂದಿರಿ ಎಂದೂ ಕೇಳಿ, ಬರೆದುಕೊಳ್ಳಿ. ಸರ್ಕಾರವಾದರೂ ಸೋಯಾ ಖರೀದಿ ಕೇಂದ್ರಗಳನ್ನು ರಾಶಿ ಮುಗಿದ ಮೇಲಲ್ಲ, ಕಟಾವಿಗೆ ಮೊದಲೇ ತೆರೆಯಲಿ. ಕಾಳು ಒಣಗಿಸಲು ಊರೂರಿಗೆ ಒಂದು ಕಣ ಕಟ್ಟಿಸಲಿ.